ಏಳದ ಗುಮ್ಮಟ ಮತ್ತು ಬಟ್ಟೆಯ ಮುದ್ರೆ

ನಿನ್ನೆ ಸಂಜೆ ಒಂದು ಕಲಾ ಉಪನ್ಯಾಸಕ್ಕೆ ಹೋಗಿದ್ದೆ. ರಾತ್ರಿ ಕಳೆದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ, ನಾನು ನಿಮ್ಮೆಲ್ಲರ ತಲೆ ತಿನ್ನುವ ಅದೇ ಬ್ಲ್ಯಾಕ್ ಮೌಂಟನ್ ಕಾಲೇಜು. ಅಮೆರಿಕದ ನಾರ್ತ್ ಕೆರೊಲಿನಾದ ಬೆಟ್ಟಗಳಲ್ಲಿ 1933ರಲ್ಲಿ ಹುಟ್ಟಿ, 1957ರಲ್ಲಿ ಬಾಗಿಲು ಹಾಕಿದ ಪುಟ್ಟ ಕಾಲೇಜು. 1944ರಿಂದ ಅಲ್ಲಿ ಬೇಸಿಗೆಯ ಕಲಾ ಶಿಬಿರಗಳು ನಡೆದವು. ಭಾಷಣಕಾರರು ಒಂದು ಗಂಟೆ ಹೆಸರುಗಳನ್ನು ಓದಿದರು: ಸಂಗೀತ ಸಂಯೋಜಕ ಜಾನ್ ಕೇಜ್, ನೃತ್ಯಗಾರ ಮರ್ಸ್ ಕನಿಂಗ್‌ಹ್ಯಾಮ್, ಚಿತ್ರಕಾರ ವಿಲೆಮ್ ಡಿ ಕೂನಿಂಗ್, ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರ್. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸರ್, ಅಲ್ಲಿ ವಿದ್ಯಾರ್ಥಿಗಳು ಏನು ಮಾಡುತ್ತಿದ್ದರು?” ಎಂದು ಕೇಳಿದಳು. “ಇಂಥವರಿಂದ ಕಲಿಯುತ್ತಿದ್ದರಮ್ಮಾ” ಎಂದು ಹೇಳಿ ಅವರು ಮುಂದಿನ ಚಿತ್ರಕ್ಕೆ ಹೋದರು.

ಅಷ್ಟೇನಾ?

1948ರ ಬೇಸಿಗೆಯಲ್ಲಿ ಆ ಹೆಸರುಗಳಿಗೆ ಇಂದಿನ ತೂಕ ಎಲ್ಲಿತ್ತು? ಡಿ ಕೂನಿಂಗ್ ತನ್ನ ಮೊದಲ ಏಕವ್ಯಕ್ತಿ ಪ್ರದರ್ಶನ ಮಾಡಿದ್ದೇ ಆ ವರ್ಷ, ನಲವತ್ತು ದಾಟಿದ ಮೇಲೆ, ಬರಿಗೈಯಲ್ಲಿ. ಕೇಜ್ ಮತ್ತು ಕನಿಂಗ್‌ಹ್ಯಾಮ್ ಅದೇ ವಸಂತದಲ್ಲಿ ಊಟ, ವಸತಿಗಷ್ಟೇ ಬಂದು ಕಾರ್ಯಕ್ರಮ ಕೊಟ್ಟರು. ಹೊರಡುವಾಗ ನೋಡಿದರೆ, ಕಾಲೇಜಿನವರು ಅವರ ಕಾರಿನ ಕೆಳಗೆ ಚಿತ್ರಗಳನ್ನೂ ತಿನಿಸುಗಳನ್ನೂ ಉಡುಗೊರೆಯಾಗಿ ಇಟ್ಟಿದ್ದರು.

ಆ ಬೇಸಿಗೆಯಲ್ಲೇ ಫುಲ್ಲರ್ ಕಿಟಕಿಯ ಮಡಚು ಪರದೆಗೆ ಹಾಕುವ ಪಟ್ಟಿಗಳಿಂದ ದೊಡ್ಡ ಗುಮ್ಮಟ ಕಟ್ಟಲು ಹೊರಟ. ವಿದ್ಯಾರ್ಥಿಗಳು ಪಟ್ಟಿಗೆ ಪಟ್ಟಿ ಜೋಡಿಸಿದರು. ಗುಮ್ಮಟ ಏಳಲೇ ಇಲ್ಲ, ಹುಲ್ಲಿನ ಮೇಲೆ ಚಪ್ಪಟೆಯಾಗಿ ಬಿದ್ದಿತು. ಅದಕ್ಕೆ “ಅಂಗಾತ ಮಲಗಿದ ಗುಮ್ಮಟ” ಎಂಬ ಹೆಸರೇ ಬಿದ್ದಿತು. ಮರುವರ್ಷ ಅದೇ ಫುಲ್ಲರ್ ಮರಳಿ ಬಂದ, ಚಿಕ್ಕ ಗುಮ್ಮಟ ಎದ್ದಿತು, ಅದಕ್ಕೆ ಜೋತುಬಿದ್ದು ಜನ ಫೋಟೊ ತೆಗೆಸಿಕೊಂಡರು. ನಿನ್ನೆ ಪರದೆಯ ಮೇಲೆ ಬಂದದ್ದು ಎರಡನೆಯದು ಮಾತ್ರ. ನನ್ನ ಸಿಟ್ಟಿನ ಮೂಲ ಇಲ್ಲೇ ಇದೆ.

ಇನ್ನು, ಮುಂದೆ ಶಿಲ್ಪಿಯಾಗಿ ಹೆಸರಾದ ರೂತ್ ಅಸಾವಾ. ಎರಡನೇ ಮಹಾಯುದ್ಧದ ಕಾಲದಲ್ಲಿ, ಜಪಾನಿ ಮೂಲದವರೆಂಬ ಕಾರಣಕ್ಕೆ, ಕುಟುಂಬದ ಜೊತೆ ಕುದುರೆ ಲಾಯದಲ್ಲಿ ಬಂಧಿಯಾಗಿದ್ದ ಹುಡುಗಿ. ಅದೇ ಕಾರಣಕ್ಕೆ ಶಿಕ್ಷಕಿಯ ತರಬೇತಿ ಮುಗಿಸಲು ಬಿಡಲಿಲ್ಲ. 1946ರ ಬೇಸಿಗೆಯಲ್ಲಿ ಇಲ್ಲಿಗೆ ಬಂದಳು. ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಸಿಗೆ ಬಟ್ಟೆಗಳಿಗೆ ಒತ್ತುವ ಮುದ್ರೆ ಇತ್ತು, ಕಾಲೇಜಿನ ಹೆಸರಿನ ಮೂರು ಇಂಗ್ಲಿಷ್ ಅಕ್ಷರಗಳದ್ದು, BMC. ಅದನ್ನೇ ಕಾಗದದ ಮೇಲೆ ಮತ್ತೆ ಮತ್ತೆ ಒತ್ತಿದಳು. ಅಕ್ಷರಗಳು ಅಕ್ಷರಗಳಾಗಿ ಉಳಿಯದೆ, ನೀರಿನ ಅಲೆಯಂತೆ ಬಾಗಿ ನಡೆದವು. ಬೇರೆಯವರ ಹೊದಿಕೆಗೆ ಒತ್ತುವ ಮುದ್ರೆಯದು! “ವಿದ್ಯಾರ್ಥಿಗಳು ಏನು ಮಾಡುತ್ತಿದ್ದರು” ಎಂಬ ಪ್ರಶ್ನೆಗೆ ಉತ್ತರ ಇದಲ್ಲವೇ?

ದೊಡ್ಡ ಹೆಸರುಗಳಿಲ್ಲದೆ ಆ ಕಾಲೇಜನ್ನು ಇಂದು ಯಾರು ನೆನೆಯುತ್ತಿದ್ದರು ಎಂದು ಗೆಳೆಯರೊಬ್ಬರು ಫೋನಿನಲ್ಲಿ ವಾದಿಸಿದರು. ಒಪ್ಪುತ್ತೇನೆ, ಹೆಸರು ಬಾಗಿಲು ತೆರೆಯುತ್ತದೆ. ಆದರೆ ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳುಹಿಸುವುದು ಯಾವ ನ್ಯಾಯ? 1946ರಲ್ಲಿ ಕರಿಯ ಕಲಾವಿದ ದಂಪತಿ ಜೇಕಬ್ ಲಾರೆನ್ಸ್ ಮತ್ತು ಗ್ವೆಂಡೊಲಿನ್ ನೈಟ್ ಶಿಬಿರಕ್ಕೆ ಬರುವಾಗ, ಅಮೆರಿಕದ ದಕ್ಷಿಣದ ರೈಲಿನಲ್ಲಿ ಕರಿಯರ ಬೋಗಿಗೆ ಅವರನ್ನು ದಬ್ಬಬಾರದೆಂದು ಕಾಲೇಜಿನ ಕಲಾ ಶಿಕ್ಷಕ ಜೋಸೆಫ್ ಆಲ್ಬರ್ಸ್ ಅವರಿಗಾಗಿ ಪ್ರತ್ಯೇಕ ಬೋಗಿಯ ವ್ಯವಸ್ಥೆ ಮಾಡಿದ್ದ. ಇದೂ ಆ ಶಿಬಿರದ ಚರಿತ್ರೆಯೇ.

ಒಂದು ಮಾತು ಒಪ್ಪಿಕೊಳ್ಳಬೇಕು. ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ಬಿದಿರಿನ ಕಡ್ಡಿಗಳಿಂದ ಕಟ್ಟಿದ ಗೋಪುರ ಪ್ರದರ್ಶನದ ದಿನ ಬಿದ್ದುಹೋಯಿತು. ನಾನು ಎಲ್ಲರೆದುರು ಅವನನ್ನು ಗದರಿದೆ. ಮತ್ತೆ ಅವನು ಏನನ್ನೂ ಕಟ್ಟಲಿಲ್ಲ. ಆಗ ನನಗೆ ಆ ಹುಲ್ಲಿನ ಮೇಲಿನ ಗುಮ್ಮಟದ ಕಥೆ ಗೊತ್ತಿರಲಿಲ್ಲ.

ನಿನ್ನೆ ಹೊರಗೆ ಬಂದಾಗ ಆ ಹುಡುಗಿ ಬಸ್ ನಿಲ್ದಾಣದಲ್ಲಿದ್ದಳು. ಬಟ್ಟೆಯ ಮುದ್ರೆಯ ಕಥೆ ಹೇಳಿದೆ. ಅವಳ ಬಸ್ ಬಂತು, ಹೋಯಿತು. “ಆಮೇಲೆ ಏನಾಯಿತು, ಮೇಡಂ?” ಎಂದು ಕೇಳುತ್ತಾ ನಿಂತೇ ಇದ್ದಳು.