ದಾರೀಲಿ ಸಿಕ್ಕವರ ನಂಬರ್ ಅಷ್ಟೇ ಸಾಲದು

ತಾಳಗುಪ್ಪದ ರೈಲಿನಲ್ಲೋ ಕೊಡಚಾದ್ರಿಯ ಜೀಪಿನಲ್ಲೋ ಪರಿಚಯ ಆದವರ ನಂಬರ್ ಎಲ್ಲರೂ ತಗೋತಾರೆ. ವರ್ಷ ಕಳೆಯೋದ್ರೊಳಗೆ ಹೆಚ್ಚಿನವು ಕೈತಪ್ಪಿ ಹೋಗುತ್ತವೆ. ‘ಟ್ರೈನ್ ರಮೇಶ್’ ಅಂತ ಸೇವ್ ಮಾಡಿಟ್ಟರೆ ಆರು ತಿಂಗಳ ಮೇಲೆ ಯಾವ ರಮೇಶ್ ಅಂತ ನಮಗೇ ಗೊತ್ತಾಗಲ್ಲ. ಹೆಸರಿನ ಜೊತೆ ಊರು, ಸಿಕ್ಕ ಜಾಗ, ವರ್ಷ ಮೂರೂ ಇರಲಿ.

ಮಲೆನಾಡಿನಲ್ಲಂತೂ ಫೋನೊಂದನ್ನೇ ನೆಚ್ಚಿಕೊಳ್ಳೋ ಹಾಗಿಲ್ಲ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದರೆ, ಬ್ಯಾಟರಿ ಇಳಿದ ಮೇಲೆ ಟವರೂ ಇಲ್ಲ. ಮನೆಗಳು ತೋಟಕ್ಕೊಂದು, ಗುಡ್ಡಕ್ಕೊಂದು. ಅದಕ್ಕೇ ಹೊರಡೋ ಮುಂಚೆ ಕೇಳಿಟ್ಟುಕೊಳ್ಳಿ: ನಿಮ್ಮೂರಿಗೆ ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಲ್ಲಿ ಇಳೀಬೇಕು? ಖಾಸಗಿ ಬಸ್ಸಿನ ಹೆಸರು, ಇಳಿಯೋ ಕ್ರಾಸು ಇಷ್ಟು ಗೊತ್ತಿದ್ದರೆ ಎಷ್ಟೋ ವರ್ಷ ಬಿಟ್ಟು ಹೋದರೂ ಕಂಡಕ್ಟರೇ ದಾರಿ ತೋರಿಸ್ತಾರೆ: “ಅವ್ರ ಮನೆಗಾ? ಇಲ್ಲೇ ಇಳೀರಿ, ಸಂಕ ದಾಟಿ ತೋಟದ ಅಂಚಲ್ಲೇ ಹೋಗಿ.”

ತೆಗೆದ ಫೋಟೋ ಅದೇ ರಾತ್ರಿ ಕಳಿಸಿ. ವಾರ ದಾಟಿದರೆ ಕಳಿಸೋಕೆ ಸಂಕೋಚ, ಆ ಸಂಕೋಚದಲ್ಲೇ ಮಾತು ನಿಂತು ಹೋಗುತ್ತೆ. ಗ್ರೂಪ್ ಮಾಡಬೇಡಿ. ಅದು ಶುಭೋದಯದ ಚಿತ್ರಗಳಲ್ಲಿ ಮುಳುಗುತ್ತೆ.

ಮತ್ತೆ ಸಿಗಬೇಕು ಅಂತಿದ್ದರೆ “ಯಾವತ್ತಾದ್ರೂ ಬನ್ನಿ” ಅನ್ನೋ ಮಾತು ಏನೂ ಪ್ರಯೋಜನಕ್ಕೆ ಬರಲ್ಲ. ಜಾತ್ರೆ ಹೇಳಿ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ವರ್ಷವರ್ಷವೂ ಇದೆ, ಶಿರಸಿ ಮಾರಿಕಾಂಬೆಯದು 2 ವರ್ಷಕ್ಕೊಮ್ಮೆ, ಸಾಗರದ್ದು 3 ವರ್ಷಕ್ಕೊಮ್ಮೆ. ಮನೆಗೇ ಹೋಗೋದಾದರೆ ಅಡಿಕೆ ಕೊಯ್ಲಿನ ಹೊತ್ತಲ್ಲಿ ಹೇಳದೆ ಹೋಗಬೇಡಿ. ಸುಲಿಯೋದು, ಬೇಯಿಸೋದು, ಒಣಗಿಸೋದರ ಮಧ್ಯೆ ಅವರಿಗೆ ಕೂರೋಕೂ ಪುರಸೊತ್ತಿರಲ್ಲ. ಹೋದದ್ದೇ ಆದರೆ ಸುಲಿಯೋರ ಪಕ್ಕ ಕೂತುಬಿಡಿ, ಮಾತು ಅಲ್ಲೇ ಆಗುತ್ತೆ.

ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಅಚಾನಕ್ಕಾಗಿ ಹಳೇ ಮುಖ ಕಂಡರೆ “ನಾನ್ಯಾರು ಹೇಳಿ ನೋಡೋಣ” ಅಂತ ಪರೀಕ್ಷೆ ಮಾಡೋದು ಅನ್ಯಾಯ. ನಮ್ಮ ಹೆಸರು, ಎಲ್ಲಿ ಸಿಕ್ಕಿದ್ವಿ ಅನ್ನೋದನ್ನ ನಾವೇ ಮೊದಲು ಹೇಳಬೇಕು. ಎದುರಿನವರ ಮುಖ ಆಗಲೇ ಸಡಿಲಾಗೋದು.

ಇಂಥ ಪರಿಚಯಗಳು ಬೆಳೆಯೋದಕ್ಕೆ ಕಾಯೋ ಜಾಗ ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಸಿಗಂದೂರಿನ ದೇವಸ್ಥಾನಕ್ಕೆ ಹೋಗೋರು ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಲ್ಲಿ ಲಾಂಚಿಗೆ ಕಾಯ್ತಾ ನಿಂತಾಗ ಬೆಂಗಳೂರಿನವರೂ ಆಚೆ ದಡದ ತುಮರಿಯವರೂ ಒಂದೇ ಸಾಲಿನಲ್ಲಿದ್ದರು, ಮಾತು ತಾನಾಗಿ ಹುಟ್ಟುತ್ತಿತ್ತು. 2025ರ ಜುಲೈನಲ್ಲಿ ಸೇತುವೆ ಆಯ್ತು, ಆಗಲೇಬೇಕಿತ್ತು. ಶರಾವತಿ ಹಿನ್ನೀರಿನ ಆಚೆಯವರು ಹೆರಿಗೆಗೂ ಆಸ್ಪತ್ರೆಗೂ ಲಾಂಚ್ ಕಾದ ಕಷ್ಟ ಸಣ್ಣದಲ್ಲ. ಆದರೆ ಈಗ ಕಾರುಗಳು ನಿಲ್ಲದೆ ದಾಟಿ ಹೋಗ್ತಿವೆ. ಆ ದಡದಲ್ಲಿ ನಾಲ್ಕು ಕಲ್ಲುಬೆಂಚು, ಒಂದು ಟೀ ಅಂಗಡಿಗೆ ಪಂಚಾಯ್ತಿಯವರು ಜಾಗ ಉಳಿಸಿಕೊಡಲಿ. ಹೋಗೋರೂ ಕಾಲು ಗಂಟೆ ಇಳಿದು ನಿಲ್ಲಲಿ.