ಹಳೆಯ ಕಪ್ಪುಬಿಳುಪು ಫೋಟೋ ಸುಳ್ಳು ಹೇಳಲ್ವಾ?

1920-30ರ ದಶಕದ ರಾಜಕಾರಣಿಗಳು, ಉದ್ಯಮಿಗಳು ಒಟ್ಟಿಗೆ ನಿಂತ ಫೋಟೋ ವಾಟ್ಸಾಪ್‌ನಲ್ಲಿ ಬರುತ್ತದೆ. ಜೊತೆಗೊಂದು ಸಾಲು: ಆಗ ಫೋಟೋಶಾಪ್ ಇರಲಿಲ್ಲ, ಹಾಗಾಗಿ ಇದು ನಿಜ.

ಅದು ತಪ್ಪು. ಫೋಟೋ ತಿದ್ದುವ ಕೆಲಸ ಆಗಲೇ ಜೋರಾಗಿತ್ತು. ಪತ್ರಿಕಾ ಕಚೇರಿಗಳಲ್ಲಿ ಅದಕ್ಕೆಂದೇ ಕಲಾವಿದರು ಇರುತ್ತಿದ್ದರು. ಮಸುಕಾದ ಅಚ್ಚಿನಲ್ಲೂ ಮುಖ ಎದ್ದು ಕಾಣಲಿ ಅಂತ ಕೋಟಿನ ಅಂಚಿಗೆ ಬಿಳಿ ಬಣ್ಣ ಬಳಿಯುತ್ತಿದ್ದರು, ಹಿಂದಿದ್ದವರನ್ನು ಬೂದು ಬಣ್ಣದಲ್ಲಿ ಮುಚ್ಚುತ್ತಿದ್ದರು. ಹೆಚ್ಚಿನದು ಮೋಸವಲ್ಲ, ದಿನನಿತ್ಯದ ಕೆಲಸ. ಆದರೆ 1920ರ ದಶಕದಲ್ಲಿ ನ್ಯೂಯಾರ್ಕಿನ ಒಂದು ಸಂಜೆಪತ್ರಿಕೆ ಬೇರೆ ಬೇರೆ ಫೋಟೋಗಳನ್ನು ಕತ್ತರಿಸಿ ಅಂಟಿಸಿ, ನಡೆದೇ ಇರದ ದೃಶ್ಯಗಳನ್ನು ಅಚ್ಚು ಹಾಕಿತು. ಸೋವಿಯತ್ ಒಕ್ಕೂಟದಲ್ಲಿ ಅಧಿಕಾರ ಕಳೆದುಕೊಂಡವರು ಫೋಟೋದಿಂದಲೂ ಮಾಯವಾದರು.

ಪರೀಕ್ಷಿಸುವುದು ಕಷ್ಟವಲ್ಲ. ಚಿತ್ರವನ್ನೇ ಕೊಟ್ಟು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಯಾವುದಾದರೂ ಗ್ರಂಥಾಲಯದ ಸಂಗ್ರಹದಲ್ಲಿ ಮೂಲ ಪ್ರತಿ ಸಿಕ್ಕರೆ ಅದರ ಹಿಂಬದಿ ನೋಡಿ; ನನಗಂತೂ ಮುಂಬದಿಗಿಂತ ಅದೇ ಇಷ್ಟ. ತಾರೀಖಿನ ಮುದ್ರೆ, ಟೈಪ್ ಮಾಡಿ ಅಂಟಿಸಿದ ಚೀಟಿ, ಪೆನ್ಸಿಲ್ ಗುರುತು ಅಲ್ಲಿರಬಹುದು. ಚೀಟಿಯಲ್ಲೂ ಹೆಸರು ತಪ್ಪಿರಬಹುದು, ಹಾಗಾಗಿ ಅದೇ ವಾರದ ಇನ್ನೊಂದು ಪತ್ರಿಕೆಯನ್ನೂ ನೋಡಿ. ಎಷ್ಟೋ ಸಲ ಫೋಟೋ ಸರಿಯಾಗೇ ಇರುತ್ತದೆ. ಕೆಳಗಿನ ಸಾಲನ್ನು ಮಾತ್ರ ಯಾರೋ ಈಚೆಗೆ ಬರೆದಿರುತ್ತಾರೆ.