50 ಪೈಸೆ ನಾಣ್ಯ ಬ್ಯಾನ್ ಆಗಿಲ್ಲ ಕಣ್ರೀ

ಮತ್ತೆ ಅದೇ ಫಾರ್ವರ್ಡ್ ಓಡಾಡ್ತಿದೆ, 50 ಪೈಸೆ ನಾಣ್ಯ ಬ್ಯಾನ್ ಆಗಿದೆ ಅಂತ, ಜೊತೆಗೆ ಸ್ಟಾರ್ ಇರೋ ನಾಣ್ಯ ನಿಮ್ಮತ್ರ ಇದ್ರೆ ಲಕ್ಷಾಧಿಪತಿ ಆಗ್ತೀರಾ ಅಂತ ಬೇರೆ. ಎರಡೂ ಸುಳ್ಳು.

2011ರ ಜೂನ್ 30ರಿಂದ ಚಲಾವಣೆಯಿಂದ ಹೋಗಿದ್ದು 25 ಪೈಸೆ ಮತ್ತು ಅದಕ್ಕಿಂತ ಕಮ್ಮಿ ಬೆಲೆಯವು ಮಾತ್ರ, ಅಂದ್ರೆ ನಮ್ಮ ಘೇಂಡಾಮೃಗದ ನಾಲ್ಕಾಣೆ ಹೋಯ್ತು, ಎಂಟಾಣೆ ಉಳೀತು. ಕಾನೂನು ಪ್ರಕಾರ ಇವತ್ತಿಗೂ ಅದು ನಡೆಯುತ್ತೆ, ಆದ್ರೆ ಒಂದು ಮಿತಿ ಇದೆ, ನಾಣ್ಯ ಕಾಯ್ದೆ 2011ರ ಪ್ರಕಾರ 50 ಪೈಸೆಯಲ್ಲಿ ಒಂದ್ಸಲಕ್ಕೆ 10 ರೂಪಾಯಿವರೆಗೆ ಮಾತ್ರ ಕೊಡಬಹುದು, ಒಂದು ರೂಪಾಯಿ ಮತ್ತು ಅದರ ಮೇಲಿನ ನಾಣ್ಯಗಳಿಗೆ ಈ ಮಿತಿ 1000 ರೂಪಾಯಿ. ಅಂಗಡಿಯವ್ರು ತಗೊಳ್ಳಲ್ಲ ಅನ್ನೋದು ಬೇರೆ ಕಥೆ ಬಿಡಿ.

ಇನ್ನು ಸ್ಟಾರ್ ವಿಷಯ. ಪಾರ್ಲಿಮೆಂಟ್ ಚಿತ್ರ, ಅದರ ಹಿಂದೆ ಭಾರತದ ನಕ್ಷೆ ಇರೋ ಹಳೇ ಸ್ಟೀಲ್ ಎಂಟಾಣೆ ಸಿಕ್ರೆ ಇಸವಿ ಕೆಳಗೆ ಸ್ವಲ್ಪ ಕಣ್ಣಿಟ್ಟು ನೋಡಿ, ಒಂದು ಚಿಕ್ಕ ಗುರುತು ಇರುತ್ತೆ. ಅದು ಯಾವ ಟಂಕಸಾಲೆದು ಅಂತ ಹೇಳೋಕೆ ಅಷ್ಟೇ: ಸ್ಟಾರ್ ಅಂದ್ರೆ ಹೈದರಾಬಾದ್, ಚುಕ್ಕೆ ನೋಯ್ಡಾ, ವಜ್ರದ ಆಕಾರ ಮುಂಬೈ. ಏನೂ ಇಲ್ದೆ ಖಾಲಿ ಇದ್ರೆ ಕೋಲ್ಕತ್ತಾ, ಅದನ್ನೇ ಕೆಲವ್ರು ಡೂಪ್ಲಿಕೇಟ್ ಅಂತ ಎಸೀತಾರೆ, ಪಾಪ. ಹೈದರಾಬಾದಲ್ಲಿ ರಾಶಿಗಟ್ಲೆ ಅಚ್ಚಾಗಿರೋದ್ರಿಂದ ಬರೀ ಸ್ಟಾರ್ ನೋಡಿ ಯಾರೂ ಲಕ್ಷ ಕೊಡಲ್ಲ, ನಿಮ್ಮ ನಾಣ್ಯ ಕೊಳ್ತೀವಿ, ಮೊದ್ಲು ರಿಜಿಸ್ಟ್ರೇಷನ್ ಫೀಸ್ ಕಳ್ಸಿ ಅಂತ ಯಾರಾದ್ರೂ ಅಂದ್ರೆ ಅಲ್ಲೇ ಬ್ಲಾಕ್ ಮಾಡಿ.